ಬಿಯರ್ ಸೌರ್‌ಡೋಗೆ ಮೆಷಿನ್‌ನ ಅವಸರ ಆಗದು

ಬ್ರೆಡ್ ಮೆಷಿನ್‌ನ ಬೇಸಿಕ್ ಪ್ರೋಗ್ರಾಮ್ ಹೆಚ್ಚುಕಡಿಮೆ 3 ಗಂಟೆಯಲ್ಲಿ ಮುಗಿಯುತ್ತದೆ. ಪ್ಯಾಕೆಟ್ ಈಸ್ಟ್‌ಗೆ ಅಷ್ಟು ಸಾಕು, ಸೌರ್‌ಡೋ ಸ್ಟಾರ್ಟರ್‌ಗೆ (ಹಿಟ್ಟು-ನೀರು ಕಲಸಿ ತಾನಾಗಿಯೇ ಹುಳಿಬರಿಸಿದ ಹೆಪ್ಪಿಗೆ) ಸಾಲದು, ಬ್ರೆಡ್ ಇಟ್ಟಿಗೆಯಾಗುತ್ತದೆ. ಡೋ ಪ್ರೋಗ್ರಾಮ್‌ನಲ್ಲಿ ನಾದಿಸಿ, ಒಳಗಿನ ರೆಕ್ಕೆ ತೆಗೆದು, ಹಿಟ್ಟು ದುಪ್ಪಟ್ಟಾಗುವುದಕ್ಕೆ ತುಸು ಮುಂಚಿನವರೆಗೂ ಬಿಡಿ. ನಮ್ಮ ಸೆಖೆಗೆ 4-5 ಗಂಟೆ. ಬೆರಳಲ್ಲಿ ಒತ್ತಿದ ಗುಳಿ ನಿಧಾನಕ್ಕೆ, ಅರ್ಧದಷ್ಟೇ ಮೇಲೆದ್ದರೆ ಹದ ಬಂತು. ಆಮೇಲೆ ಬೇಕ್ ಪ್ರೋಗ್ರಾಮ್ ಮಾತ್ರ, 55-60 ನಿಮಿಷ.

ಅಳತೆ ಇಷ್ಟು: ಬ್ರೆಡ್ ಮೈದಾ 400 ಗ್ರಾಂ, ಸಮ ಹಿಟ್ಟು ಸಮ ನೀರಿನ ಸ್ಟಾರ್ಟರ್ 150 ಗ್ರಾಂ, ಬಿಯರ್ 220 ಮಿ.ಲೀ., ಉಪ್ಪು 8 ಗ್ರಾಂ.

ಬಿಯರನ್ನು ಹಿಂದಿನ ರಾತ್ರಿಯೇ ಅಗಲ ಪಾತ್ರೆಗೆ ಸುರಿದಿಡಿ. ನೊರೆಯಿದ್ದರೆ ಅಳತೆ ತಪ್ಪುತ್ತದೆ, ತಣ್ಣಗಿದ್ದರೆ ಸ್ಟಾರ್ಟರ್ ಮಂಕಾಗುತ್ತದೆ. ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಜಾಸ್ತಿಯಿರುವ ಐಪಿಎ ಬಗೆಯ ಬಿಯರ್ ಬೇಡವೇ ಬೇಡ: ಕಹಿ ಉಳಿಯುತ್ತದೆ, ಹುಳಿ ಕೊಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೂ ಹಾಪ್ಸ್ ಅಡ್ಡಿ. ಗೋಧಿ ಬಿಯರ್ ಅಥವಾ ಸ್ಟೌಟ್ ಎಂಬ ಕಪ್ಪು ಬಿಯರ್ ಚೆಂದ. ಹಿಂದೆ ಯುರೋಪಿನ ಬೇಕರಿಗಳು ಬಿಯರ್ ಭಟ್ಟಿಯ ನೊರೆಯಿಂದಲೇ ಹಿಟ್ಟು ಉಬ್ಬಿಸುತ್ತಿದ್ದವು. ಅದೇ ಧಾನ್ಯ, ಅದೇ ಈಸ್ಟ್. ಬ್ರೆಡ್ಡೂ ಬಿಯರೂ ಒಂದೇ ಮನೆಯವು ಅಂತ ನೆನೆದರೆ ಖುಷಿಯಾಗುತ್ತದೆ.

ಬ್ರೆಡ್ಡಿನ ನೆತ್ತಿ ಕುಸಿದರೆ ಹಿಟ್ಟು ಹುದುಗಿದ್ದು ಮಿತಿಮೀರಿದೆ, ಮುಂದಿನ ಸಲ ಒಂದು ಗಂಟೆ ಮೊದಲೇ ಬೇಕ್ ಒತ್ತಿ. ಬಿಯರಿನಲ್ಲಿರುವ ಮಾಲ್ಟ್ (ಮೊಳಕೆ ಧಾನ್ಯದ) ಸಕ್ಕರೆಯಿಂದ ಸಿಪ್ಪೆ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ, ಮೆಷಿನ್‌ನಲ್ಲಿ ಲೈಟ್ ಕ್ರಸ್ಟ್ ಇಡಿ. ಕೊಯ್ಯಲು 2 ಗಂಟೆ ಕಾಯಿರಿ, ಬಿಸಿಯಲ್ಲಿ ಒಳಭಾಗ ಅಂಟಂಟು.