ಬೆಕ್ಕು ಕಾಣೆಯಾದಾಗ ಉಲ್ಲನ್ ಹೆಣೆಯುತ್ತಾ ಕೂತದ್ದು ಯಾಕೆ?

ನಮ್ಮ ಬೆಕ್ಕು ಬಂಗುಡೆ ಕಾಣೆಯಾಗಿದ್ದಾಗ ನಾನು ರಾತ್ರಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಉಲ್ಲನ್ ಹೆಣೆಯುತ್ತಿದ್ದೆ. ನೋಡಿದವರು ನಾಲ್ಕು ಜನ, ಅವರಿಂದ ಕೇಳಿದವರು ಊರೆಲ್ಲ. ಈಗಲೂ ಮದುವೆ ಹಾಲ್‌ನಲ್ಲಿ ಸಿಕ್ಕರೆ ಅದೇ ಪ್ರಶ್ನೆ: “ಅಲ್ಲ ಮಾರಾಯ್ತಿ, ಬೆಕ್ಕು ಹುಡುಕುವುದು ಬಿಟ್ಟು ಸ್ವೆಟರ್ ಹಾಕಲಿಕ್ಕೆ ನಿನಗೆ ಮನಸ್ಸಾದರೂ ಹೇಗೆ ಬಂತು?” ಕೆಲವರು ಚುಚ್ಚಲಿಕ್ಕೆ ಕೇಳುತ್ತಾರೆ. ಕೆಲವರ ಮನೆಯ ಬೆಕ್ಕು ನಿಜವಾಗಿಯೂ ಎಲ್ಲೋ ಹೋಗಿರುತ್ತದೆ. ಇದು ಆ ಎರಡನೆಯವರಿಗೆ.

ಮೊದಲಿಗೆ, ಅದು ಸ್ವೆಟರ್ ಅಲ್ಲವೇ ಅಲ್ಲ. ಮಂಗಳೂರಿನ ಸೆಕೆಯಲ್ಲಿ ಸ್ವೆಟರ್ ಯಾರಿಗೆ ಬೇಕು? ಅದೊಂದು ಉದ್ದನೆಯ ಪಟ್ಟಿ. ಏನು ಮಾಡಬೇಕು ಅಂತ ಯೋಚನೆಯೂ ಇರಲಿಲ್ಲ.

ಬಂಗುಡೆ ಅಂದರೆ ಮೀನು, ಬೆನ್ನ ಮೇಲಿನ ಪಟ್ಟೆ ನೋಡಿ ಬೆಕ್ಕಿಗೆ ಆ ಹೆಸರು ಇಟ್ಟದ್ದು. ಕುಲಶೇಖರದ ಕಡೆ ನಮ್ಮ ಮನೆ. ಪಕ್ಕದಲ್ಲಿ ಮೆಹೆಂದಿ ಕಾರ್ಯಕ್ರಮ ಇತ್ತು. ಡಿಜೆ ಆಯಿತು, ಡ್ಯಾನ್ಸ್ ಆಯಿತು, ಕೊನೆಗೆ ಮಾಲೆ ಪಟಾಕಿ. ಬೆಳಿಗ್ಗೆ ನೋಡಿದರೆ ಬೆಕ್ಕು ಇಲ್ಲ. ಕಂಪೌಂಡ್ ದಾಟಿ ಗೊತ್ತಿಲ್ಲದ ಬೆಕ್ಕು ಅದು. ಹಗಲೆಲ್ಲ ಓಣಿ ಓಣಿ ತಿರುಗಿ “ಬಂಗುಡೆ, ಬಂಗುಡೆ” ಅಂತ ಕೂಗಿದೆ. ಒಂದು ಮನೆಯಿಂದ ಅಜ್ಜಿಯೊಬ್ಬರು ಪಾತ್ರೆ ಹಿಡಿದುಕೊಂಡು ಹೊರಗೆ ಬಂದು “ನೂರಕ್ಕೆ ಎಷ್ಟು?” ಅಂದರು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ಆಮೇಲೆ ಒಂದಿಷ್ಟು ಓದಿದೆ. ಕಳೆದುಹೋದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಸೇರಿಸಿ ಮಾಡಿದ ಒಂದು ಅಧ್ಯಯನ 2018ರಲ್ಲಿ ‘ಅನಿಮಲ್ಸ್’ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಸಿಕ್ಕಿದ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು 500 ಮೀಟರ್ ಒಳಗೇ ಇದ್ದವು. ಅರ್ಧದಷ್ಟು ಇದ್ದದ್ದು ಬರೀ 50 ಮೀಟರ್ ಸುತ್ತಿನಲ್ಲಿ. ಮನೆಯೊಳಗೇ ಬೆಳೆದ ಬೆಕ್ಕು ಹೆದರಿದರೆ ದೂರ ಓಡುವುದು ಕಡಿಮೆ. ಹತ್ತಿರದಲ್ಲೇ ಎಲ್ಲೋ ನುಗ್ಗಿ ಉಸಿರು ಬಿಗಿಹಿಡಿದು ಕೂತುಬಿಡುತ್ತದೆ. ಸಾಕಿದವರು ಕರೆದರೂ ‘ಮ್ಯಾಂವ್’ ಅನ್ನುವುದಿಲ್ಲ. ಸದ್ದು ಮಾಡಿದರೆ ಬೇರೆ ಪ್ರಾಣಿಗೆ ಸಿಕ್ಕಿಬೀಳುತ್ತೇನೆ ಅನ್ನುವ ಭಯ. ಊರು ಮಲಗಿ, ಬೈಕು ರಿಕ್ಷಾಗಳ ಸದ್ದು ನಿಂತ ಮೇಲೆ ಸ್ವಲ್ಪ ಅಲುಗಾಡೀತು, ಸಣ್ಣಗೆ ಕೂಗೀತು.

ಅಂದರೆ ಹುಡುಕುವುದರಲ್ಲಿ ಜಾಸ್ತಿ ಪಾಲು ನಡೆಯುವುದಲ್ಲ, ಕೂರುವುದು. ಸುಮ್ನೆ, ಗದ್ದಲ ಮಾಡದೆ, ಕಿವಿ ಬಿಟ್ಟುಕೊಂಡು. ಇದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಸ್ವಲ್ಪ ಹೊತ್ತಿಗೇ ಮನಸ್ಸು ಬಾವಿಕಟ್ಟೆಗೆ ಓಡುತ್ತದೆ, ಅಲ್ಲಿಂದ ಹೈವೇಗೆ, ಅಲ್ಲಿಂದ ಬೀದಿನಾಯಿಗಳ ಗುಂಪಿಗೆ. ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಮೊಬೈಲ್ ಹಿಡಿದರೆ ಕಣ್ಣು ಅದರೊಳಗೆ, ಕಿವಿಯೂ ಅದರೊಳಗೆ. ಮುಖಕ್ಕೆ ಬೆಳಕು ಬಿದ್ದು ಎದುರಿನ ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ.

ನಮ್ಮ ಎದುರು ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂರುವುದು. ಕತ್ತರಿಸಿದ ಎಲೆಗೆ ಹೊಗೆಸೊಪ್ಪು ಹಾಕಿ, ಸುರುಟಿ, ಬಾಯಿ ಮಡಚಿ, ನೂಲು ಸುತ್ತಿ ಬಿಡುವವರೆಗೆ ಒಮ್ಮೆಯೂ ಕೆಳಗೆ ನೋಡುವುದಿಲ್ಲ. ಕಣ್ಣು ರಸ್ತೆಯ ಮೇಲೆ. ಯಾರ ಮಗ ಎಷ್ಟು ಹೊತ್ತಿಗೆ ಬಂದ, ಯಾವ ಮನೆಗೆ ಗ್ಯಾಸ್ ಬಂತು, ಎಲ್ಲ ಅವರಿಗೆ ಗೊತ್ತು. ಸಂಜೆ ಬೀಡಿ ಬ್ರಾಂಚಿಗೆ ಹೋಗಿ ಲೆಕ್ಕ ಕೊಡುವ ಹೊತ್ತಿಗೆ ಓಣಿಯ ಲೆಕ್ಕವೂ ಅವರ ಹತ್ತಿರ ಇರುತ್ತದೆ. ಸಿಸಿಟಿವಿ ಹಾಕಿಸಿದವರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ. ಅವರನ್ನು ನೋಡಿಯೇ ನನಗೆ ಹೊಳೆದದ್ದು: ಕೈಗೆ ಕೆಲಸ ಕೊಟ್ಟರೆ ಕಣ್ಣು ಕಿವಿ ಬಿಡುವಾಗುತ್ತವೆ. ಬೀಡಿ ನನಗೆ ಬರುವುದಿಲ್ಲ. ಶಾಲೆಯಲ್ಲಿ ಸಿಸ್ಟರ್‌ಗಳು ಕಲಿಸಿದ ಹೆಣಿಗೆ ಬರುತ್ತದೆ.

ಆದರೆ ಎಲ್ಲ ಹೆಣಿಗೆಯೂ ಆಗುವುದಿಲ್ಲ. ಎಲೆ, ಬಳ್ಳಿ, ಜಡೆ ಅಂತ ಡಿಸೈನ್ ಹಾಕಿದರೆ ಕುಣಿಕೆ ಎಣಿಸಬೇಕು. ಎಣಿಸುತ್ತಾ ಕೂತರೆ ಬೆಕ್ಕು ಕಾಲ ಕೆಳಗೆ ಹೋದರೂ ಗೊತ್ತಾಗುವುದಿಲ್ಲ. ಹೋಗುವಾಗಲೂ ಬರುವಾಗಲೂ ಒಂದೇ ಸಾದಾ ಹೊಲಿಗೆ, ಉಲ್ಟಾ ಗಿಲ್ಟಾ ಏನೂ ಬೇಡ. ಕಡ್ಡಿಯ ತುದಿ ಕುಣಿಕೆಯೊಳಗೆ ಹೋಗಿ, ನೂಲು ಎಳೆದುಕೊಂಡು, ಜಾರಿ ಈಚೆ ಬರುವುದು ಬೆರಳಿಗೇ ಗೊತ್ತಾಗುತ್ತದೆ. ಮೊದಲ ರಾತ್ರಿ ಅಲ್ಯೂಮಿನಿಯಂ ಕಡ್ಡಿ ಹಿಡಿದಿದ್ದೆ. ಹಗಲಲ್ಲಿ ಕೇಳಿಸದ ಅದರ ಟಿಕ್ ಟಿಕ್ ರಾತ್ರಿಯ ಮೌನದಲ್ಲಿ ಗಡಿಯಾರದ ಅಂಗಡಿಯನ್ನೇ ತಂದಿಟ್ಟ ಹಾಗಾಯಿತು. ಬಿದಿರಿನ ಕಡ್ಡಿ ತೆಗೆದೆ. ಅದಕ್ಕೆ ಸದ್ದಿಲ್ಲ, ಬೆವರು ಕೈಯಿಂದ ಜಾರುವುದೂ ಇಲ್ಲ. ಉಲ್ಲನ್ ಅಂತ ನಾವು ಹೇಳುವುದು ಅಷ್ಟೆ, ಅಂಗಡಿಯಲ್ಲಿ ಸಿಗುವುದು ಹೆಚ್ಚಿನದು ಅಕ್ರಿಲಿಕ್. ಸೆಕೆಗೆ ಅದು ಬೆರಳಿಗೆ ಅಂಟುತ್ತದೆ. ನಮ್ಮ ಊರಿಗೆ ಹತ್ತಿಯ ನೂಲೇ ಲಾಯಕ್ಕು.

ಹೆಣಿಗೆಯಿಂದ ಸಮಾಧಾನ ಸಿಗುತ್ತದಾ ಅಂತಲೂ ಕೇಳುತ್ತಾರೆ. ಬೇರೆ ಬೇರೆ ದೇಶಗಳ 3,545 ಹೆಣೆಯುವವರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2013ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆಯಲ್ಲಿ ಬಂದಿತ್ತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತವಾಗಿ, ಖುಷಿಯಾಗಿ ಇದ್ದೇವೆ ಅಂದರಂತೆ. ಹೆಣೆಯುವವರನ್ನೇ ಕೇಳಿದರೆ ಮತ್ತೇನು ಹೇಳುತ್ತಾರೆ? ನನಗಂತೂ ಸಮಾಧಾನ ಸಿಗಲಿಲ್ಲ. ಹೊಟ್ಟೆಯೊಳಗಿನ ಸಂಕಟ ಹಾಗೇ ಇತ್ತು. ಆದರೆ ಕುರ್ಚಿ ಬಿಟ್ಟು ಏಳದ ಹಾಗೆ ಹಿಡಿದಿಟ್ಟಿತು. ಅಷ್ಟು ಸಾಕಿತ್ತು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಸುಮ್ಮನೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗೇಟಿನ ಹತ್ತಿರ ಹೆಣೆಯುತ್ತಾ ಕೂತವಳನ್ನು ಎಲ್ಲರೂ ಮಾತಾಡಿಸುತ್ತಾರೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ಹುಡುಗರು, ರಿಕ್ಷಾದವರು, ಬೆಳಿಗ್ಗೆ ಸ್ಕೂಟರ್ ಮೇಲೆ ಮೀನು ತರುವವನು. “ಎಂತ ಅಕ್ಕ, ಇಲ್ಲಿ ಕೂತಿದ್ದೀರಿ?” ಅಂದರೆ ಬೆಕ್ಕಿನ ಸುದ್ದಿ ಹೇಳಿಯೇ ಹೇಳುತ್ತೇನಲ್ಲ. ಮೀನಿನವನು ಅಂದಿನಿಂದ ಹಾರ್ನ್ ಹೊಡೆದು, ಓಡಿ ಬರುವ ಬೆಕ್ಕುಗಳಲ್ಲಿ ಪಟ್ಟೆ ಇರುವುದು ಉಂಟಾ ಅಂತ ನೋಡಿಯೇ ಮುಂದೆ ಹೋಗುತ್ತಿದ್ದ.

ಮಡಿಲಲ್ಲಿ ನೂಲಿನ ಉಂಡೆ, ಪಕ್ಕದಲ್ಲಿ ಟಾರ್ಚ್. ಸದ್ದಾದರೆ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ, ಕೆನ್ನೆಯ ಹತ್ತಿರ ಹಿಡಿಯಬೇಕು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಆ ಬೆಳಕು ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಸೊಂಟದ ಹತ್ತಿರ ಹಿಡಿದರೆ ಹೊಳಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ರಾತ್ರಿ ಮಾಡಿನ ಹಂಚಿನ ಮೇಲೆ ಎರಡು ಕಣ್ಣು ಹೊಳೆದವು. ಎದ್ದು ಓಡಿದೆ. ಕಬ್ಬೆಕ್ಕು, ಬೆಕ್ಕೇ ಅಲ್ಲದ ಕಾಡುಪ್ರಾಣಿ.

ಬಂಗುಡೆ ಇದ್ದದ್ದು ಎರಡು ಮನೆ ಆಚೆ. ಅಲ್ಲಿಯವರು ಮುಂಬೈಯಲ್ಲಿದ್ದಾರೆ, ಮನೆಗೆ ಬೀಗ. ಮೆಹೆಂದಿಯ ದಿನ ತೆಂಗಿನಕಾಯಿ ತೆಗೆಸಿ ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಹಾಕಿಸಿದ್ದರಂತೆ. ಪಟಾಕಿಗೆ ಹೆದರಿ ಒಳಗೆ ನುಗ್ಗಿದೆ, ಕೆಲಸದವರು ಬಾಗಿಲು ಹಾಕಿದ್ದಾರೆ. ನಸುಕಿನಲ್ಲಿ ಮೊದಲ ಬಸ್ಸಿಗೂ ಮುಂಚೆ ಆ ಕಡೆಯಿಂದ ಸೊಳ್ಳೆಯಷ್ಟು ಸಣ್ಣ ದನಿ ಬಂತು. ಕೀಲಿ ಯಾರ ಹತ್ತಿರ? ಬೀಡಿ ಅಕ್ಕನ ಹತ್ತಿರವೇ!

ಸಿಕ್ಕಿದ ಮೇಲಿನ ಮಾತು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹೊಟ್ಟೆಗಿಲ್ಲದೆ ಇದ್ದ ಬೆಕ್ಕಿಗೆ ಒಮ್ಮೆಲೇ ಮೀನು ಸುರಿಯಬೇಡಿ. ಸ್ವಲ್ಪ ಸ್ವಲ್ಪ ಕೊಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಕೆಲವು ದಿನ ಏನೂ ತಿನ್ನದ ಬೆಕ್ಕಿಗೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕಷ್ಟವಾಗುವುದುಂಟು. ದಪ್ಪ ಬೆಕ್ಕುಗಳಿಗೆ ಅಪಾಯ ಜಾಸ್ತಿ.

ಹೆಣಿಗೆ ಬಾರದವರು ಇದಕ್ಕೆಂದೇ ಕಲಿಯಲಿಕ್ಕೆ ಹೊರಡಬೇಡಿ. ಬೆಕ್ಕಿನ ಚಿಂತೆಯ ಜೊತೆ ನೂಲಿನ ಗಂಟು ಬಿಡಿಸುವ ಚಿಂತೆಯೂ ಸೇರುತ್ತದೆ. ಬೆಳ್ಳುಳ್ಳಿ ಸುಲಿಯಿರಿ, ಮಲ್ಲಿಗೆ ಕಟ್ಟಿ, ಹಿಡಿಸೂಡಿ ಪೊರಕೆಗೆ ಕಡ್ಡಿ ಕೆರೆಯಿರಿ. ನೋಡದೆ ಮಾಡಲಿಕ್ಕೆ ಬರುವಂಥದ್ದು ಏನಾದರೂ ಆಗುತ್ತದೆ. ಹೆಣಿಗೆ ಬರುವವರಿಗೆ ಕಡ್ಡಿ ಬೇಕಿದ್ದರೆ ನನ್ನದು ಕೊಡುತ್ತೇನೆ, ಬಿದಿರಿನದ್ದು. ಟಾರ್ಚ್ ಮಾತ್ರ ನೀವೇ ತನ್ನಿ.