ಆಫೀಸಿನಾಗ ಖರೇ ಏನ್ ಮಾಡ್ತಿ?

ಹುಬ್ಬಳ್ಳಿಯಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬ ಕಾಕಾ ಆದರೂ ಕೇಳುತ್ತಾರೆ: "ಅಲ್ಲೋ ತಮ್ಮಾ, ಮುಂಜಾನಿಂದ ಸಂಜೀತನಕಾ ಕಂಪ್ಯೂಟರ್ ಮುಂದ ಕುಂತಿರ್ತೀಯಲ್ಲಾ, ಖರೇ ಹೇಳು, ಏನ್ ಕೆಲಸಾ ಮಾಡ್ತಿ?" ಕುಹಕ ಇರುವುದಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕು, ಅಷ್ಟೇ.

ಸರಿ, ಹೇಳುತ್ತೇನೆ. ವಿದ್ಯಾನಗರದ ಮನೆಯಲ್ಲಿ ಕೂತು ಬೆಂಗಳೂರಿನ ಒಂದು ಕಂಪನಿಗೆ ದುಡಿಯುತ್ತೇನೆ. ಬೇರೆಯವರ ಕೆಲಸ ಎಷ್ಟಾಯಿತು ಅಂತ ಎಕ್ಸೆಲ್ ಶೀಟಿನಲ್ಲಿ ತುಂಬುವುದೇ ನನ್ನ ಕೆಲಸ. ಮುಗಿದಿದ್ದಕ್ಕೆ ಹಸಿರು, ತಡವಾದದ್ದಕ್ಕೆ ಕೆಂಪು. ಅದರಿಂದ ಒಂದು ಪಿಪಿಟಿ ಆಗುತ್ತದೆ, ಅದನ್ನು ಸೋಮವಾರದ ಮೀಟಿಂಗಿನಲ್ಲಿ ತೋರಿಸಬೇಕು, ಹೇಗೆ ತೋರಿಸಬೇಕು ಅಂತ ಮಾತಾಡಲು ಶುಕ್ರವಾರ ಇನ್ನೊಂದು ಮೀಟಿಂಗ್. ಕೆಂಪು ಜಾಸ್ತಿ ಕಂಡರೆ ಶುಕ್ರವಾರವೇ ಅದು ಹಳದಿ ಆಗುತ್ತದೆ. ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನು ಚಾಟ್ ಆ್ಯಪಿನಲ್ಲಿ ನನ್ನ ಹೆಸರಿನ ಪಕ್ಕ, ಕೆಲಸದಲ್ಲಿದ್ದೇನೆ ಅನ್ನುವುದಕ್ಕೆ, ಒಂದು ಹಸಿರು ಚುಕ್ಕಿ. ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ ಅದೂ ಹಳದಿ. ಹಾಗಾಗಿ ಸಂಜೆ ಬಲಗೈಯಲ್ಲಿ ಗಿರ್ಮಿಟ್ ತಿನ್ನುತ್ತಾ ಎಡಗೈಯಲ್ಲಿ ಸುಮ್ನೆ ಮೌಸ್ ಅಲ್ಲಾಡಿಸುತ್ತಿರುತ್ತೇನೆ. ಸಂಬಳದಲ್ಲಿ ಇದೂ ಸೇರಿದೆ, ಅಲ್ವಾ?

ಇದೇನು ಹೊಸ ಗೋಳಲ್ಲ. ಕೆಲಸ ಬಿಟ್ಟು ಹೊರಗೆ ಬಂದಾಗ ಮಾತ್ರ ಕೂಲಿಯವನಿಗೆ ಮನೆಯಲ್ಲಿದ್ದ ಹಾಗೆ ಅನಿಸುತ್ತದೆ ಅಂತ ಕಾರ್ಲ್ ಮಾರ್ಕ್ಸ್ 1844ರಲ್ಲೇ ಪ್ಯಾರಿಸ್‌ನಲ್ಲಿ ಕೂತು ಬರೆದಿದ್ದರು. (ಮನೆಯೇ ಆಫೀಸಾದರೆ ಏನು ಗತಿ ಅಂತ ಪಾಪ ಅವರಿಗೆ ಹೊಳೆದಿರಲಿಕ್ಕಿಲ್ಲ.) ನೂರು ವರ್ಷದಲ್ಲಿ ವಾರಕ್ಕೆ 15 ತಾಸು ದುಡಿದರೆ ಸಾಕಾಗುತ್ತದೆ ಅಂತ 1930ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದರು. ನನ್ನ ನಿಜವಾದ ಕೆಲಸ ಅಷ್ಟೂ ಇಲ್ಲ. ಉಳಿದ ತಾಸುಗಳಲ್ಲಿ ಕೆಲಸ ಮಾಡಿದ ಹಾಗೆ ಕಾಣಿಸಬೇಕು, ಸುಸ್ತಾಗುವುದು ಅದರಿಂದಲೇ.

ಕೆಲಸವನ್ನು ತುಂಡು ತುಂಡು ಮಾಡಿದ್ದೇ ಇದಕ್ಕೆಲ್ಲ ಕಾರಣ ಅನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಹುಬ್ಬಳ್ಳಿಯ ಬೆಂಗೇರಿಯನ್ನೇ ನೋಡಿ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲೂ ಕೆಲಸ ತುಂಡೇ. ನೂಲುವವರು ಬೇರೆ, ನೇಯುವವರು ಬೇರೆ, ಬಣ್ಣ ಹಾಕುವವರು, ಕತ್ತರಿಸುವವರು, ಹೊಲಿಯುವವರು ಎಲ್ಲ ಬೇರೆ ಬೇರೆ. ಅಶೋಕ ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು, ಈ ಬದಿಯ 24 ಗೆರೆ ಆ ಬದಿಯ 24 ಗೆರೆಗೆ ಸರಿಯಾಗಿ ಕೂರಬೇಕು, ಜರುಗಿದರೆ ನಡೆಯುವುದಿಲ್ಲ. ಇಡೀ ದಿನ ಅದೊಂದನ್ನೇ ಮಾಡಿದರೂ ಏನು ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. 21 ಅಡಿ ಉದ್ದ, 14 ಅಡಿ ಅಗಲದ ಧ್ವಜ ಕಂಬದ ಮೇಲೆ ಹಾರುವಾಗ ಯಾರೂ ಪಿಪಿಟಿ ಕೇಳುವುದಿಲ್ಲ.

ಹಾಗಂತ ಅದು ಸುಖದ ಕೆಲಸ ಅಂತಲ್ಲ. ಖಾದಿ ಕೆಲಸದ ಕೂಲಿ ಎಲ್ಲ ಕಡೆಯೂ ಕಡಿಮೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ದಾರಿ ಮಾಡಿದ ಮೇಲೆ ಖಾದಿ ಧ್ವಜಕ್ಕೆ ದೊಡ್ಡ ಪೆಟ್ಟು ಬಿತ್ತು. ಮೌಸ್ ಅಲ್ಲಾಡಿಸುವ ನನಗೆ ಅವರಿಗಿಂತ ಎಷ್ಟೋ ಜಾಸ್ತಿ ಸಂಬಳ. ತಲೆ ಕೆಡುವುದು ಇಲ್ಲೇ. ಒಮ್ಮೆ ಒಂದು ವಾರ ರಜೆ ಹಾಕಿದ್ದೆ. ಶೀಟ್ ಖಾಲಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ವಾಪಸ್ ಬಂದ ಮೇಲೆ ಆ ವಾರದ್ದನ್ನೂ ನನ್ನಿಂದಲೇ ತುಂಬಿಸಿದರು.

"ಹಂಗಾದ್ರ ಬಿಟ್ಟುಬಿಡು" ಅನ್ನುತ್ತಾರೆ ಕಾಕಾ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. ಮನೆ ಸಾಲದ ಕಂತು ಇದೆ, ಬಿಡುವುದಿಲ್ಲ. ಆದರೆ ಈ ಶೀಟನ್ನು ಕೊನೆಗೆ ಓದುವವರು ಯಾರು ಅಂತ ಮ್ಯಾನೇಜರ್ ಹತ್ತಿರ ಕೇಳಿದ್ದೇನೆ. ಒಳ್ಳೆ ಪ್ರಶ್ನೆ ಅಂದರು. ಅದಕ್ಕೆ ಮುಂದಿನ ಗುರುವಾರ ಒಂದು ಮೀಟಿಂಗ್ ಇಟ್ಟಿದ್ದಾರೆ.