ಕುಂಕುಮ ಹಚ್ಚಿದ ಕಾರ್ಡು

2017ರ ಜನವರಿ 22ರಂದು ಕೊಂಡ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ನನಗೆ ಮೋಹ ಉಳಿದದ್ದು ಮೂವತ್ತೇಳೇ ದಿನ. ಫೆಬ್ರವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯೊಂದರಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹೊಸ ಜಿಟಿಎಕ್ಸ್ 1080 ಟಿಐ ಕಾರ್ಡನ್ನು ಘೋಷಿಸಿದರು. ಲೆಕ್ಕ ಮಾಡುವ 3584 ಕೋರ್, 11 ಜಿಬಿ ಮೆಮೊರಿ, ಬೆಲೆ 699 ಡಾಲರ್. ನಾನು ಕೊಂಡಿದ್ದ ಜಿಟಿಎಕ್ಸ್ 1070ರಲ್ಲಿದ್ದದ್ದು 1920 ಕೋರ್, 8 ಜಿಬಿ. ಸಾಲದ್ದಕ್ಕೆ 1070ರ ಅಧಿಕೃತ ಬೆಲೆಯನ್ನೂ 349 ಡಾಲರಿಗೆ ಇಳಿಸಿಬಿಟ್ಟರು. ನಾನು 399 ಕೊಟ್ಟು ತಂದಿದ್ದೆ. ಸಂತೆ ಮುಗಿಯುವ ಹೊತ್ತಿಗೆ ಅರ್ಧ ಬೆಲೆಗೆ ಟೊಮೆಟೊ ಕೂಗುತ್ತಾರಲ್ಲ, ಬೆಳಿಗ್ಗೆಯೇ ಬ್ಯಾಗು ತುಂಬಿಸಿಕೊಂಡವನ ಹೊಟ್ಟೆ ಆಗ ಹೇಗೆ ಉರಿಯುತ್ತದೋ ಹಾಗಾಯಿತು.

ಆಗ ನೆನಪಾದದ್ದು ಸ್ಟೆಪ್-ಅಪ್ ಯೋಜನೆ. ಎನ್‌ವಿಡಿಯಾ ಮಾಡುವುದು ಮುಖ್ಯವಾಗಿ ಚಿಪ್ಪನ್ನು. ಅದನ್ನು ಬೋರ್ಡಿಗೆ ಕೂರಿಸಿ, ಫ್ಯಾನ್ ಜೋಡಿಸಿ, ಪೆಟ್ಟಿಗೆಗೆ ಹಾಕಿ ಮಾರುವ ಕಂಪನಿಗಳು ಬೇರೆ. ಆಗ ಅಂಥದ್ದರಲ್ಲಿ ಒಂದಾಗಿದ್ದದ್ದು ಕ್ಯಾಲಿಫೋರ್ನಿಯಾದ ಬ್ರೆಯಾ ಊರಿನ ಇವಿಜಿಎ. ನನ್ನ ಕಾರ್ಡೂ ಅವರದ್ದೇ. ಅವರ ಕಾರ್ಡನ್ನು ಕೊಂಡು ನೋಂದಾಯಿಸಿದರೆ, ತೊಂಬತ್ತು ದಿನದೊಳಗೆ ಅದಕ್ಕಿಂತ ಮೇಲಿನ ಕಾರ್ಡಿಗೆ ಅರ್ಜಿ ಹಾಕಬಹುದಿತ್ತು. ಹಳೆಯದನ್ನು ಕಳುಹಿಸಿ, ಎರಡರ ಬೆಲೆಯ ವ್ಯತ್ಯಾಸವನ್ನಷ್ಟೇ ಕಟ್ಟಬೇಕಿತ್ತು. ಹಳೆಯದಕ್ಕೆ ಲೆಕ್ಕ ಹಿಡಿಯುತ್ತಿದ್ದದ್ದು ಇವತ್ತಿನ ಬೆಲೆಯನ್ನಲ್ಲ, ರಸೀದಿಯಲ್ಲಿ ನಾವು ಕೊಟ್ಟ ಬೆಲೆಯನ್ನು. ಈ ಸಾಲನ್ನು ನಾನು ಮೂರು ಸಲ ಓದಿದೆ. ಬೇರೆಯವರಿಗೆ ಮಾರಲು ಹೋಗಿದ್ದರೆ 300 ಡಾಲರ್ ಸಿಕ್ಕರೆ ಹೆಚ್ಚು. ಇಲ್ಲಿ ಅದು 399ಕ್ಕೇ ಹೋಗುತ್ತದೆ.

ನಾವಿದ್ದದ್ದು ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ. ಅಲ್ಲಿ ಮಾರಾಟ ತೆರಿಗೆಯೇ ಇಲ್ಲ, ಹಾಗಾಗಿ ಲೆಕ್ಕ ಸಲೀಸು: 699ರಲ್ಲಿ 399 ಕಳೆದರೆ 300. ಮುನ್ನೂರು ಡಾಲರಿಗೆ 1080 ಟಿಐ! ಡೀಪ್ ಲರ್ನಿಂಗ್, ಅಂದರೆ ಕಂಪ್ಯೂಟರಿಗೆ ಉದಾಹರಣೆಗಳಿಂದ ಕಲಿಸುವ ವಿದ್ಯೆ, ಕಲಿಯುತ್ತಿದ್ದೇನೆ, ಮೆಮೊರಿ ಸಾಲುತ್ತಿಲ್ಲ ಎಂದು ಹೆಂಡತಿಗೆ ವಿವರಿಸಿದೆ. ಅವಳು ಮೇಜಿನ ಅಂಚಿಗೆ ಬಿಗಿದಿದ್ದ ರೇಸಿಂಗ್ ಆಟದ ಸ್ಟಿಯರಿಂಗ್ ಕಡೆ ನೋಡಿದಳು. “ಕಲಿಯುವುದಕ್ಕೆ ಇದೂ ಬೇಕಾ?” ಎಂದಳು. ಮಾತು ಅಲ್ಲಿಗೇ ನಿಂತಿತು, ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹೇಳಿದೆ. “ಹಳೇ ಪ್ಯಾಂಟು ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡ ಹಾಗೆ” ಎಂದು ಅವಳು ಥಟ್ಟನೆ ಅರ್ಥಮಾಡಿಕೊಂಡಳು. ಪಾತ್ರೆ ಮಾರುವ ಹೆಂಗಸು ಮಧ್ಯಾಹ್ನ ಜಗಲಿಯ ಮೇಲೆ ಬುಟ್ಟಿ ಇಳಿಸಿ, ಪ್ಯಾಂಟನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೂರು ಪ್ಯಾಂಟು, ಒಂದು ಸೀರೆ ಕೊಟ್ಟರೂ ಅವಳಿಗೆ ಸಾಲದು, ಇನ್ನೊಂದು ಅಂಗಿ ಬೇಕು. “ಚೆನ್ನಾಗಿ ನೋಡಿ ಕಳಿಸು, ಏನಾದರೂ ಕುಂದು ಹೇಳುತ್ತಾರೆ” ಎಂದಳು ಅಮ್ಮ.

ಕುಂದು ಇತ್ತು. ಅದಕ್ಕೆ ಕಾರಣ ಅಮ್ಮನೇ. ಕಂಪ್ಯೂಟರ್ ಜೋಡಿಸಿದ ದಿನ ವಿಡಿಯೋ ಕರೆಯಲ್ಲಿ, ಪೂಜೆ ಮಾಡದೆ ಸ್ವಿಚ್ ಹಾಕಬೇಡ ಎಂದಿದ್ದಳು. ಹೆಂಡತಿ ಕುಂಕುಮವನ್ನು ನೀರಿನಲ್ಲಿ ಕಲಸಿ ಕ್ಯಾಬಿನೆಟ್ಟಿಗೆ ಒಂದು ಬೊಟ್ಟು, ಒಳಗೆ ಹೊಳೆಯುತ್ತಿದ್ದ ಕಾರ್ಡಿನ ಬೆನ್ನಿನ ಕಪ್ಪು ತಗಡಿಗೆ ಇನ್ನೊಂದು ಬೊಟ್ಟು ಇಟ್ಟಿದ್ದಳು.

ಮಾರ್ಚ್ ಮಧ್ಯದಲ್ಲಿ ಹೊಸ ಕಾರ್ಡು ಯೋಜನೆಯ ಪಟ್ಟಿಗೆ ಬಂತು. ಆ ದಿನವೇ ರಸೀದಿಯ ಪ್ರತಿ ಲಗತ್ತಿಸಿ ಅರ್ಜಿ ಹಾಕಿದೆ. ನನ್ನ ತೊಂಬತ್ತು ದಿನ ಮುಗಿಯುವುದು ಏಪ್ರಿಲ್ 22ಕ್ಕೆ. ಅರ್ಜಿ ಗಡುವಿನೊಳಗೆ ಸೇರಿದ್ದರೆ ಸಾಕು, ಆಮೇಲೆ ಸರದಿ ಬಂದಾಗ ಬರಲಿ. ಸರದಿ ಬಂದದ್ದು ನಾಲ್ಕು ವಾರದ ನಂತರ. ಅಷ್ಟೂ ದಿನ ಬೆಳಿಗ್ಗೆ ಕಾಫಿಗೆ ಮುಂಚೆ ಮಿಂಚಂಚೆ ನೋಡುವುದು ಒಂದು ವ್ರತವೇ ಆಗಿತ್ತು.

ಕಾರ್ಡನ್ನು ಬಿಚ್ಚಿದೆ. ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಕ್ಕೆಯನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕಾರ್ಡು ಬರುವುದಿಲ್ಲ, ಅದು ಕೂತಿರುವ ಮದರ್‌ಬೋರ್ಡೇ ಮೇಲೆದ್ದು ಬರುವ ಹಾಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದೆ. ತಗಡು ಶುಭ್ರವಾಯಿತು. ಆದರೆ ಒಂದು ಸ್ಕ್ರೂವಿನ ತಲೆಯ ಕೂಡು ಗೆರೆಯೊಳಗೆ ಕೆಂಪು ಹಾಗೇ ಕೂತಿತ್ತು. ಹತ್ತಿ ಸುತ್ತಿದ ಕಡ್ಡಿ ಹಾಕಿ ತಿರುವಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಗೆರೆಯ ಮೂಲೆಯಲ್ಲಿ ಸಾಸಿವೆಯ ಕಾಲು ಭಾಗದಷ್ಟು ಉಳಿದೇಬಿಟ್ಟಿತು. ತೆಗೆದು ನೋಡುವವನು ಇದನ್ನು ತುಕ್ಕು ಅಂದುಕೊಂಡರೆ? ಇದು ತುಕ್ಕಲ್ಲ, ನಮ್ಮ ಕಡೆಯ ಪದ್ಧತಿ ಎಂದು ಒಂದು ಚೀಟಿ ಬರೆದು ಇಡೋಣವೇ ಎಂದೆ. “ಜೊತೆಗೆ ಎರಡು ಅಕ್ಷತೆಯನ್ನೂ ಹಾಕಿ” ಎಂದಳು ಹೆಂಡತಿ. ಚೀಟಿ ಬರೆಯಲಿಲ್ಲ.

ಪಾರ್ಸೆಲ್ ಖರ್ಚು ನಮ್ಮದೇ. ಸೀರಿಯಲ್ ನಂಬರಿನ ಫೋಟೊ ತೆಗೆದುಕೊಂಡು, ಪೆಟ್ಟಿಗೆಗೆ ಎರಡು ಸುತ್ತು ಗುಳ್ಳೆ ಹಾಳೆ ಸುತ್ತಿ ಕಳುಹಿಸಿದೆ. ಅವರ ಕೈಗೆ ಹಳೆಯದು ಸೇರುವವರೆಗೆ ಹೊಸದು ಹೊರಡುವುದಿಲ್ಲ. ಆ ಹತ್ತು ದಿನ ಮಾನಿಟರಿನ ಕೇಬಲ್ಲನ್ನು ನೇರವಾಗಿ ಮದರ್‌ಬೋರ್ಡಿಗೆ ಸಿಕ್ಕಿಸಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲೇ ಕಾಲ ಹಾಕಿದೆ. ಸ್ಟಿಯರಿಂಗ್ ಚಕ್ರದ ಮೇಲೆ ಮಗನ ಒದ್ದೆ ಕಾಲುಚೀಲಗಳು ಒಣಗುತ್ತಿದ್ದವು.

ಕಾರ್ಡು ಸೇರಿದೆ, ವ್ಯತ್ಯಾಸದ ಹಣ ಕಟ್ಟಿ ಎಂಬ ಪತ್ರ ಬಂತು. ಕೆಂಪಿನ ಮಾತೇ ಇಲ್ಲ. ಪಾತ್ರೆಯ ಹೆಂಗಸಿನ ಕಣ್ಣಿನಿಂದಾಗಿದ್ದರೆ ಅದು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹೊಸದು ಬಂದ ಸಂಜೆ ಪೆಟ್ಟಿಗೆ ಬಿಚ್ಚಿ ಸ್ಲಾಟಿಗೆ ಕೂರಿಸಿದ ಮೇಲೆ ಕಣ್ಣಿಗೆ ಬಿದ್ದದ್ದು ವಿದ್ಯುತ್ತಿನ ಕಿಂಡಿಗಳು. ಎರಡು: ಒಂದು ಎಂಟು ಪಿನ್ನಿನದು, ಒಂದು ಆರು ಪಿನ್ನಿನದು. ಹಳೆಯದಕ್ಕೆ ಎಂಟರದ್ದು ಒಂದೇ ಸಾಕಿತ್ತು, ನನ್ನ ಬಳಿ ಇದ್ದದ್ದೂ ಒಂದೇ ಕೇಬಲ್. 150 ವ್ಯಾಟ್ ಉಣ್ಣುತ್ತಿದ್ದ ಕಾರ್ಡಿನ ಜಾಗಕ್ಕೆ 250 ವ್ಯಾಟಿನದು ಬಂದಿದೆ, 600 ವ್ಯಾಟಿನ ಪವರ್ ಸಪ್ಲೈ ಇರಲಿ ಎಂದು ತಯಾರಕರೇ ಹೇಳಿದ್ದಾರೆ, ನನ್ನದು 450. ಮೂರು ತಿಂಗಳಿಂದ ಡಾಲರ್ ಲೆಕ್ಕ ಹಾಕಿದವನು ವ್ಯಾಟಿನ ಲೆಕ್ಕ ಹಾಕಿರಲಿಲ್ಲ. ಇನ್ನೂ 90 ಡಾಲರ್ ಹೋಯಿತು. ಉಳಿಸಿದೆ ಎಂದುಕೊಂಡಿದ್ದ ನೂರರಲ್ಲಿ, ಪಾರ್ಸೆಲ್ ಖರ್ಚೂ ಸೇರಿ, ಕೈಯಲ್ಲಿ ಏನೂ ಉಳಿಯಲಿಲ್ಲ.

ಅಣಕವೆಂದರೆ, ಆ ಬೇಸಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಇಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ‘ಗಣಿಗಾರಿಕೆ’ಯ ಹುಚ್ಚು ಹತ್ತಿ 1070 ಕಾರ್ಡುಗಳು ಅಂಗಡಿಗಳಿಂದಲೇ ಮಾಯವಾದವು. ಎರಡು ತಿಂಗಳು ಕಾದು ಮಾರಿದ್ದರೆ ಕೊಂಡ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ಇವಿಜಿಎ ಹಿಂದೆ ಬಂದ ಕಾರ್ಡುಗಳನ್ನು ಬಿ-ಸ್ಟಾಕ್ ಎಂದು ಕಡಿಮೆ ಬೆಲೆಗೆ ಮಾರುತ್ತಿತ್ತು. ಆ ಪಟ್ಟಿಯಲ್ಲಿ ನನ್ನ ಮಾದರಿಯನ್ನು ಕೆಲವು ದಿನ ಹುಡುಕಿದೆ. ಕೊಳ್ಳುವುದಕ್ಕಲ್ಲ. ಯಾರೋ ಒಬ್ಬರ ಪೆಟ್ಟಿಗೆಯೊಳಗೆ ಸ್ಕ್ರೂವಿನಲ್ಲಿ ಕೆಂಪು ಇಟ್ಟುಕೊಂಡು ಅದು ತಿರುಗುತ್ತಿರಬೇಕು ಎಂಬ ಕುತೂಹಲ, ಅಷ್ಟೇ.

2022ರ ಸೆಪ್ಟೆಂಬರಿನಲ್ಲಿ ಇವಿಜಿಎ ಗ್ರಾಫಿಕ್ಸ್ ಕಾರ್ಡುಗಳ ವ್ಯಾಪಾರವನ್ನೇ ಬಿಟ್ಟಿತು. ನಮ್ಮ 1080 ಟಿಐ ಈಗ ಮಗನ ಕಂಪ್ಯೂಟರಿನಲ್ಲಿದೆ. ಪ್ರತಿ ಆಯುಧ ಪೂಜೆಗೆ ಅದರ ಬೆನ್ನಿಗೊಂದು ಬೊಟ್ಟು ಬೀಳುತ್ತದೆ. ಒರೆಸುವ ಗೋಜಿಗೆ ಹೋಗುವುದಿಲ್ಲ, ಇನ್ನು ಯಾರಿಗೂ ಹಿಂದಿರುಗಿಸುವ ಹಾಗಿಲ್ಲವಲ್ಲ.